ನಲವತ್ತೊಂದನೆಯ ಡಬ್ಬ

ನಮ್ಮೂರಿನಲ್ಲಿ ಗುರುವಾರ ಸಂಜೆ ನಾಲ್ಕರಿಂದ ಐದರವರೆಗೆ ಯಾವ ಕುರ್ಚಿಯ ಮೇಲೂ ಹಿಂದೆ ಮುಂದೆ ನೋಡದೆ ಕೂರಬಾರದು. ಊರಿಗೆ ಹೊಸದಾಗಿ ಬಂದವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇವೆ. ಹೇಳಿದರೂ ಕೂರುತ್ತಾರೆ. ಹೋದ ವರ್ಷ ವರ್ಗವಾಗಿ ಬಂದ ಇಂಜಿನಿಯರೊಬ್ಬರು ಹಾಗೇ ಕೂತು, ಒಂದು ಗಂಟೆ ಆರಾಮವಾಗಿ ಪೇಪರು ಓದಿ, ಐದರ ಸೈರನ್ ಕೂಗಿದಾಗ ನೋಡಿದರೆ ಪುರಸಭೆಯ ಅಧ್ಯಕ್ಷರ ತೊಡೆಯ ಮೇಲಿದ್ದರು. ಅಧ್ಯಕ್ಷರು ಪಾಪ ಅವರ ಕೈ ಕುಲುಕಿದರು. ಆ ಗುರುವಾರ ಅವರನ್ನು ಯಾರೂ ಹಿಡಿದಿರಲಿಲ್ಲ, ಆ ಖುಷಿಯಲ್ಲಿ ಸೊಂಟದ ನೋವನ್ನೇ ಮರೆತಿದ್ದರು.

ಆಟ ನಮ್ಮ ಮೊಬೈಲುಗಳಿಗೆ ಬಂದು ಹನ್ನೆರಡು ವರ್ಷವಾಯಿತು. ಮೊದಲ ಆರು ತಿಂಗಳು ನಾವೂ ಎಲ್ಲರ ಹಾಗೆ ಹೆಬ್ಬೆರಳಿನಲ್ಲೇ ಆಡಿದೆವು. ಪರದೆಯ ಮೇಲೆ ನಮ್ಮದೇ ಬೀದಿ, ನಮ್ಮದೇ ಬಸ್ ಸ್ಟ್ಯಾಂಡು, ನಮ್ಮದೇ ಸೋರುವ ನೀರಿನ ಟ್ಯಾಂಕು. ಅದರೊಳಗೆ ಅರ್ಧ ಜನ ಸಾಮಾನುಗಳಾಗಿ ಅಡಗುವುದು, ಉಳಿದರ್ಧ ಹುಡುಕುವುದು. ಆಮೇಲೊಂದು ಗುರುವಾರ ಹೆಬ್ಬೆರಳು ಸಾಲದೆ ಪೂರ್ತಿ ಮೈಯೇ ಆಟಕ್ಕೆ ಹೋಯಿತು. ಎರಡು ವಾರ ಎಲ್ಲರೂ ಹೌಹಾರಿದರು. ಮೂರನೆಯ ವಾರಕ್ಕೆ ಶಾಲೆಯವರು ಗುರುವಾರದ ಕೊನೆಯ ಪೀರಿಯಡ್ಡು ತೆಗೆದುಹಾಕಿದರು, ಹೋಟೆಲಿನವರು ‘ನಾಲ್ಕರಿಂದ ಐದು ಲೋಟಗಳನ್ನು ಮೆಲ್ಲಗೆ ಇಡಿ’ ಎಂದು ಬೋರ್ಡು ಬರೆಸಿದರು. ಊರು ಹೊಂದಿಕೊಂಡಿತು.

ನಾಲ್ಕಕ್ಕೆ ಐದು ನಿಮಿಷ ಇದೆ ಎನ್ನುವಾಗ ಮೊಬೈಲು ಗುರುಗುಟ್ಟುತ್ತದೆ. ಹಸಿರು ಬಂದರೆ ಅಡಗಬೇಕು, ಕೆಂಪು ಬಂದರೆ ಹುಡುಕಬೇಕು. ಹಸಿರಿನವರು ಯಾವ ಸಾಮಾನಿಗೆ ಮೊಬೈಲು ತೋರಿಸುತ್ತಾರೋ ಅಂಥದ್ದೇ ಇನ್ನೊಂದಾಗುತ್ತಾರೆ. ಕೆಂಪಿನವರು ಅನುಮಾನ ಬಂದ ಸಾಮಾನನ್ನು ಮುಟ್ಟಿ, ಅದು ಯಾರೆಂದು ಅನ್ನಿಸಿತೋ ಅವರನ್ನು ದಿನವೂ ತಾವು ಹೇಗೆ ಕರೆಯುತ್ತಾರೋ ಹಾಗೆಯೇ ಕರೆಯಬೇಕು. ರೇಷನ್ ಕಾರ್ಡಿನ ಹೆಸರು ನಡೆಯುವುದಿಲ್ಲ. ಮಾವ ಎನ್ನುವವರು ಮಾವ ಎನ್ನಬೇಕು, ಲೇ ಗುಂಡ ಎನ್ನುವವರು ಲೇ ಗುಂಡ ಎನ್ನಬೇಕು. ಸರಿಯಾದರೆ ಸಾಮಾನು ಹೋಗಿ ಮನುಷ್ಯ ಎದ್ದು ನಿಲ್ಲುತ್ತಾನೆ. ತಪ್ಪಾದರೆ ಮುಟ್ಟಿದವರಿಗೆ ಒಂದು ಬಿಕ್ಕಳಿಕೆ. ಹತ್ತು ಬಿಕ್ಕಳಿಕೆಯಾದರೆ ಮೊಬೈಲು ಕಪ್ಪಾಗಿ ಅವತ್ತಿನ ಆಟ ಮುಗಿಯುತ್ತದೆ. ಬಿಕ್ಕಳಿಕೆ ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ. ಶುಕ್ರವಾರ ನಮ್ಮೂರಿನ ಯಾವ ಭಾಷಣವನ್ನೂ ಕೇಳುವ ಹಾಗಿರುವುದಿಲ್ಲ.

ನಾನು ವನಜಾಕ್ಷಿ. ಬೋರಾಶೆಟ್ಟರ ಪಾತ್ರೆ ಅಂಗಡಿಯ ಜಗಲಿಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಹಾಕುತ್ತೇನೆ. ಪೆನ್ನಿನಂತೆ ಹಿಡಿಯುವ ಕರೆಂಟಿನ ಮೆಷೀನು, ಕಿರ್ರ್ ಎನ್ನುವ ಅದರ ಸದ್ದು, ಮೂವತ್ತು ವರ್ಷದ ಕೆಲಸ. ಈ ಊರಿನ ಯಾವ ಮನೆಯ ಅಡುಗೆಮನೆಗೆ ಹೋದರೂ ನನ್ನ ಅಕ್ಷರ ಕಾಣುತ್ತದೆ. ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಇಲ್ಲ ಎಂದು ಊರು ಹೇಳುತ್ತದೆ, ನಾನು ಬೇಡ ಎನ್ನುವುದಿಲ್ಲ. ಗುಟ್ಟು ಇಷ್ಟೇ. ಅಡಗುವವರು ಸಾಮಾನಿನ ಆಕಾರ, ಬಣ್ಣ, ಜಜ್ಜಿದ ಗುರುತು ಎಲ್ಲ ತೆಗೆದುಕೊಳ್ಳುತ್ತಾರೆ, ಅದರ ಮೇಲಿನ ಹೆಸರನ್ನು ಮಾತ್ರ ತೆಗೆದುಕೊಳ್ಳಲು ಆಗುವುದಿಲ್ಲ. ಹೆಸರಿಲ್ಲದ ಕುಕ್ಕರು ಕಂಡರೆ ಅದು ಆ ಮನೆಯ ಯಜಮಾನ. ನನಗೆ ಹಸಿರು ಬರುವುದೇ ವರ್ಷಕ್ಕೊಂದೆರಡು ಸಲ, ಆಗ ಪಾತ್ರೆಯ ತಂಟೆಗೇ ಹೋಗದೆ ಇಟ್ಟಿಗೆಯೋ ಕಲ್ಲೋ ಆಗುತ್ತೇನೆ. ಹೋದ ತಿಂಗಳವರೆಗೆ, ಹನ್ನೆರಡು ವರ್ಷದಲ್ಲಿ ಯಾರೂ ನನ್ನನ್ನು ಹಿಡಿದಿರಲಿಲ್ಲ.

ಆಟದಲ್ಲಿ ಮೂರು ಬಗೆ. ಯಾವ ವಾರ ಯಾವುದು ಎಂದು ಮೊಬೈಲೇ ಹೇಳುತ್ತದೆ. ಬರೀ ಸಾಮಾನಿನ ಆಟ ಸುಲಭ. ಅದರಲ್ಲಿ ಗೆಲ್ಲಬೇಕಾದರೆ ಅಂದದ ವಸ್ತುವಾಗುವ ಆಸೆ ಬಿಡಬೇಕು. ನಮ್ಮ ಜನಕ್ಕೆ ಅದೊಂದು ಬರುವುದಿಲ್ಲ. ಎರಡು ಹೂಕುಂಡ ಇರುವ ಬೀದಿಯಲ್ಲಿ ಗುರುವಾರ ಹದಿನಾಲ್ಕು ಹೂಕುಂಡ ಇರುತ್ತವೆ, ಅದರಲ್ಲಿ ಹನ್ನೆರಡಕ್ಕೆ ಎದೆಯುಬ್ಬಿಸಿ ನಿಂತ ಹಾಗೆ ಕಾಣುತ್ತದೆ. ಜಾಣರು ಪುರಸಭೆಯ ದೂರಿನ ಪೆಟ್ಟಿಗೆಯಾಗುತ್ತಾರೆ, ಅದನ್ನು ಯಾರೂ ಮುಟ್ಟುವುದಿಲ್ಲ. ಸದ್ದಿನ ಆಟದಲ್ಲಿ ಹತ್ತು ನಿಮಿಷಕ್ಕೊಮ್ಮೆ ಪ್ರತಿ ಸಾಮಾನೂ ತನ್ನ ಸದ್ದು ಮಾಡಲೇಬೇಕು. ಆದರೆ ಸಾಮಾನಿನ ಸದ್ದಿನಲ್ಲಿ ಮನುಷ್ಯನ ಗಂಟಲು ಸೇರಿಬಿಡುತ್ತದೆ. ಗೋಡೆ ಗಡಿಯಾರವಾದ ನಮ್ಮ ಪೋಸ್ಟ್‌ಮ್ಯಾನು ಗಂಟೆ ಹೊಡೆಯುವ ಮುಂಚೆ ಕೆಮ್ಮಿ ಸಿಕ್ಕಿಬಿದ್ದ. ಮೂರನೆಯದು ಅಂಟಿನ ಆಟ. ಅದರಲ್ಲಿ ಸಿಕ್ಕಿಬಿದ್ದವರ ಮೊಬೈಲು ಹಸಿರಿನಿಂದ ಕೆಂಪಾಗಿ, ಅವರೂ ಹುಡುಕುವವರ ಜೊತೆ ಸೇರಿಬಿಡುತ್ತಾರೆ. ಆ ಆಟದಲ್ಲಿ ಶತ್ರುವಿಗಿಂತ ಸ್ನೇಹಿತರಿಗೆ ಹೆದರಬೇಕು. ಗಂಡ ಹೆಂಡತಿ ಒಂದೇ ಬೀದಿಯಲ್ಲಿ ಅಡಗುವುದಿಲ್ಲ.

ಇಷ್ಟೆಲ್ಲ ತಂತ್ರ ನನಗೆ ಗೊತ್ತಿದ್ದರೂ ಸೋಮವಾರ ಸಂಜೆ ಮಹಿಳಾ ಸಮಾಜದಲ್ಲಿ ‘ಅಡಗುವ ಪಾಠ’ ಹೇಳುತ್ತಿದ್ದವಳು ನಾನಲ್ಲ, ನನ್ನ ಅಕ್ಕ ಅಂಬುಜಾಕ್ಷಿ. ಊರಿನ ಬಾಯಲ್ಲಿ ಅಂಬುಜಮ್ಮ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಸಿಗದವಳು ಎಂದು ಅವಳಿಗೆ ಶಾಲು ಹೊದಿಸಿದ್ದರು, ಫೋಟೋ ತೆಗೆಸಿದ್ದರು. ಹೆಂಗಸರು ನೋಟ್‌ಬುಕ್ಕು ತಂದು ಅವಳ ಮಾತು ಬರೆದುಕೊಳ್ಳುತ್ತಿದ್ದರು. ‘ಕಾಣದ ಜಾಗ ಹುಡುಕಬೇಡಿ. ಕಂಡೂ ಕರೆಯದವರ ಪಕ್ಕ ಕೂತುಕೊಳ್ಳಿ’ ಎಂದಳಂತೆ ಒಂದು ಸೋಮವಾರ. ಎಂಥ ಮಾತು, ಎಂಥ ಆಳ ಎಂದು ಶೆಟ್ಟರ ಹೆಂಡತಿ ಮೂರು ದಿನ ಅದನ್ನೇ ಜಪಿಸಿದರು. ನನಗೆ ಮೈಯೆಲ್ಲ ಉರಿಯಿತು. ಏಕೆಂದರೆ ಆ ಹನ್ನೊಂದು ವರ್ಷದ ಕೀರ್ತಿ ಅವಳದಲ್ಲ, ನಾನು ಕೊಟ್ಟದ್ದು.

ಅಕ್ಕನನ್ನು ನಾನು ಪ್ರತಿ ಸಲ ನೋಡಿದ್ದೇನೆ. ಚಿಕ್ಕಂದಿನಲ್ಲಿ ಸೀಬೆ ಮರದಿಂದ ಬಿದ್ದು ಅವಳ ಎಡಗಾಲು ಒಂದು ಚೂರು ಗಿಡ್ಡ. ಅವಳು ಏನಾದರೂ ಅದು ಎಡಕ್ಕೆ ಒಂದು ಎಳ್ಳಿನಷ್ಟು ವಾಲುತ್ತದೆ. ಟೀ ಅಂಗಡಿಯ ರೇಡಿಯೋ ಆದಾಗ ವಾಲಿದ್ದಳು, ಎದುರು ಮನೆಯ ಒರಳಾದಾಗ ವಾಲಿದ್ದಳು, ಸೈಕಲ್ಲಾದಾಗ ಸ್ಟ್ಯಾಂಡು ಹಾಕಿದ್ದರೂ ವಾಲಿದ್ದಳು. ಅಡಗುತ್ತಿದ್ದದ್ದಾದರೂ ಎಲ್ಲಿ? ನಾನು ಕೂರುವ ಜಗಲಿಯ ಆಸುಪಾಸಿನಲ್ಲೇ, ನನ್ನ ಮೂಗಿನ ಕೆಳಗೇ. ನನ್ನನ್ನು ಅಣಕಿಸುವುದಕ್ಕೇ ಹೀಗೆ ಮಾಡುತ್ತಾಳೆ ಎಂದುಕೊಳ್ಳುತ್ತಿದ್ದೆ. ಮುಟ್ಟುವುದೇನು ದೊಡ್ಡದಲ್ಲ. ಆಮೇಲೆ ಕರೆಯಬೇಕಲ್ಲ. ಅವಳನ್ನು ಅಕ್ಕ ಎನ್ನದೆ ನಾನು ಬೇರೆ ಏನೂ ಅಂದವಳಲ್ಲ, ಮತ್ತು ಆ ಮಾತನ್ನು ಹನ್ನೊಂದು ವರ್ಷದಿಂದ ಬಾಯಿಂದ ತೆಗೆದಿರಲಿಲ್ಲ.

ಜಗಳ ಅಮ್ಮನ ತಪ್ಪಲೆಯದು. ಪಾಯಸ ಮಾಡುವ ದೊಡ್ಡ ಹಿತ್ತಾಳೆ ತಪ್ಪಲೆ. ಅದು ಅಂಬುಜಿಗೆ ಎಂದು ಅಮ್ಮ ಸಾಯುವ ಮುಂಚೆ ಹೇಳಿದ್ದಳು. ನಾನು ಎರಡು ವರ್ಷ ಅಮ್ಮನ ಮಲ ಮೂತ್ರ ಬಾಚಿದವಳು, ನನಗೆ ಹೊಟ್ಟೆ ಉರಿಯಿತು. ಅಮ್ಮ ಬಾಯಿಮಾತಿನಲ್ಲಿ ಹೇಳಿದ್ದಳು, ನಾನು ಹಿತ್ತಾಳೆಯಲ್ಲಿ ಬರೆದೆ. ವೈಕುಂಠ ಸಮಾರಾಧನೆಯ ಹಿಂದಿನ ದಿನ ಮೆಷೀನು ಹಚ್ಚಿ ತಪ್ಪಲೆಯ ಕಂಠಕ್ಕೆ ‘ವನಜಾಕ್ಷಿ’ ಎಂದು ಹಾಕಿಬಿಟ್ಟೆ. ಒಮ್ಮೆ ಹಾಕಿದ ಹೆಸರು ಅಳಿಸಲು ಬರುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಕ್ಕ ಬಂದು ತಪ್ಪಲೆ ಎತ್ತಿ ನೋಡಿದಳು, ಓದಿದಳು, ಮತ್ತೆ ಇದ್ದ ಜಾಗದಲ್ಲೇ ಇಟ್ಟು ಹೋದಳು. ಬೈದಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಹೋದ ತಿಂಗಳ ಒಂದು ಗುರುವಾರ, ಮೂರೂವರೆಯ ಹೊತ್ತಿಗೆ, ಭಾವ ಶ್ರೀಕಂಠಯ್ಯನವರು ಅಂಗಡಿಯ ಜಗಲಿಗೆ ಬಂದರು. ಭಾವ ಸಾಧು ಮನುಷ್ಯ. ಇಬ್ಬರ ಜೊತೆಗೂ ಮಾತಾಡುತ್ತ, ಇವಳ ಮಾತು ಅವಳಿಗೆ ಹೇಳದೆ, ಅವಳ ಮಾತು ಇವಳಿಗೆ ಹೇಳದೆ ಹನ್ನೊಂದು ವರ್ಷ ಕಳೆದವರು. ಹಿಂದಿನ ವಾರ ಅವರಿಗೆ ಕೆಂಪು ಬಂದಿತ್ತು, ಬಿಕ್ಕಳಿಕೆ ಇನ್ನೂ ನಿಂತಿರಲಿಲ್ಲ.

“ವನಜೂ, ನಿಮ್ಮಕ್ಕ... ಹಿಕ್... ಮನೆಗೆ ಬಂದಿಲ್ಲ.”

“ಎಲ್ಲಿಗೆ ಹೋಗಿದ್ದಾಳೆ?”

“ಹೋಗಿಲ್ಲ ಕಣಮ್ಮ. ಹೋದ ಗುರುವಾರ ಅಡಗಿದ್ದು, ಹಿಕ್, ಎದ್ದೇ ಇಲ್ಲ.”

ಕೈಯಲ್ಲಿದ್ದ ಮೆಷೀನು ಆರಿಸಿದೆ. ಸಿಗದೆ ಉಳಿದವರು ಐದರ ಸೈರನ್ನಿಗೆ ತಾವಾಗಿಯೇ ಎದ್ದು ಬರುತ್ತಾರೆ. ಆದರೆ ವರ್ಷಗಟ್ಟಲೆ ಯಾರೂ ಕರೆಯದಿದ್ದರೆ ಮೈಗೆ ಸಾಮಾನಾಗಿರುವುದೇ ರೂಢಿಯಾಗುತ್ತದೆ. ಅಚ್ಯುತ ಮೇಷ್ಟ್ರಿಗೆ ಹಾಗೇ ಆಗಿತ್ತು. ಮೊದಲು ಅರ್ಧ ಗಂಟೆ ತಡ, ಆಮೇಲೆ ಒಂದು ದಿನ ತಡ, ಕೊನೆಗೊಂದು ಗುರುವಾರ ಬರಲೇ ಇಲ್ಲ. ಮುಂದಿನ ಗುರುವಾರವೂ ಅವರನ್ನು ಯಾರೂ ಹಿಡಿದು ಕರೆಯಲಿಲ್ಲ. ಎರಡು ಗುರುವಾರ ದಾಟಿದರೆ ಮುಗಿಯಿತು. ಮೂರು ವರ್ಷದಿಂದ ಅವರು ಪಾರ್ಕಿನಲ್ಲಿ ಸಿಮೆಂಟು ಬೆಂಚಾಗಿದ್ದಾರೆ. ಅವರ ಹೆಂಡತಿ ಸಾವಿತ್ರಮ್ಮ ದಿನಾ ಸಂಜೆ ಫ್ಲಾಸ್ಕಿನಲ್ಲಿ ಕಾಫಿ ತಂದು ಆ ಬೆಂಚಿನ ಮೇಲೆ ಕೂತು ಕುಡಿದು ಹೋಗುತ್ತಾರೆ.

“ಒಂದು ವಾರ ಏನ್ ಮಾಡ್ತಿದ್ರಿ ಭಾವ? ಈಗ ಬಂದು ಹೇಳ್ತೀರಲ್ಲ!”

“ಬರ್ತಾಳೆ ಅಂದ್ಕೊಂಡೆ. ಹೋದ ತಿಂಗಳು ಎರಡು ದಿನ ಬಿಟ್ಟು ಬಂದಿದ್ಲು. ನಿನ್ನ ಹತ್ರ ಹೇಳಬಾರದು ಅಂತ ಆಣೆ ಬೇರೆ ಹಾಕ್ಸಿದ್ಲು.” ಅವರ ಕಣ್ಣು ತುಂಬಿತು. “ನಾನೇ ಹಿಡೀಬಹುದು ಅಂತ ಅವತ್ತು ನಮ್ಮನೆ ಸ್ಟೂಲು, ಮೊರ, ಒಲೆ ಎಲ್ಲ ಮುಟ್ಟಿ ‘ಇಲ್ ನೋಡೇ’ ಅಂದೆ. ನಲವತ್ತು ವರ್ಷ ನಾನವಳನ್ನ ಅದೇ ತಾನೆ ಕರೆದಿರೋದು. ಹಿಕ್.”

ನನಗೆ ಹಿಂದಿನ ಗುರುವಾರ ನೆನಪಾಯಿತು. ಮದುವೆಮನೆಯೊಂದರಿಂದ ನಲವತ್ತು ಸ್ಟೀಲ್ ಡಬ್ಬಗಳಿಗೆ ಹೆಸರು ಹಾಕಲು ಹೇಳಿದ್ದರು. ಬಂದವರಿಗೆ ತಿಂಡಿ ತುಂಬಿ ಕೊಡುವ ಡಬ್ಬ. ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದೆ. ಹೊಸ ಪಾತ್ರೆ, ಒಂದಕ್ಕೂ ಹೆಸರಿಲ್ಲ, ನನ್ನಂಥವಳ ಕಣ್ಣಿಗೂ ಎಲ್ಲ ಒಂದೇ. ಆದರೆ ಮೂರನೆಯ ಸಾಲಿನ ಡಬ್ಬವೊಂದು ಎಡಕ್ಕೆ ವಾಲಿತ್ತು. ಕೆಂಪು ಮೊಬೈಲು ಹಿಡಿದ ನಾನು ಅದನ್ನು ಚೆನ್ನಾಗಿ ನೋಡಿ, ಸೆರಗು ಕೊಡವಿ, ಎದ್ದು ಬೇರೆ ಬೀದಿಗೆ ಹೋಗಿದ್ದೆ. ಮರುದಿನ ಬೆಳಗ್ಗೆ ಬಂದು ಎಲ್ಲಕ್ಕೂ ಹೆಸರು ಹಾಕಿ ಎಣಿಸಿದರೆ ನಲವತ್ತೊಂದು. “ಇರ್ಲಿ ಬಿಡಮ್ಮ, ಶುಭ ಕಾರ್ಯಕ್ಕೆ ಬೆಸ ಸಂಖ್ಯೆ ಒಳ್ಳೇದು” ಎಂದು ಶೆಟ್ಟರು ಎಲ್ಲವನ್ನೂ ಮೂಟೆ ಕಟ್ಟಿಸಿ ಕಳಿಸಿದ್ದರು.

ನಾನು ನನ್ನ ಅಕ್ಕನ ಮೈಮೇಲೆ ಯಾರದೋ ಮದುವೆಯ ಹೆಸರು ಕೊರೆದಿದ್ದೆ. ಭಾವನಿಗೆ ಇದನ್ನು ಹೇಗೆ ಹೇಳಲಿ? “ಏಳಿ, ಅಕ್ಕ ಎಲ್ಲಿದ್ದಾಳೆ ಅಂತ ಗೊತ್ತು” ಎಂದಷ್ಟೇ ಹೇಳಿದೆ. ಅಕ್ಕ ಎಂಬ ಮಾತು ಬಾಯಿಂದ ಬಂದುಬಿಟ್ಟಿತ್ತು. ಭಾವ ಬಿಕ್ಕಳಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಮದುವೆ ಅವತ್ತೇ. ಕಲ್ಯಾಣ ಮಂಟಪದ ಬಾಗಿಲು ಮುಟ್ಟುವ ಹೊತ್ತಿಗೆ ಇಬ್ಬರ ಮೊಬೈಲೂ ಗುರುಗುಟ್ಟಿದವು. ಅಂಟಿನ ಆಟ. ಭಾವನಿಗೆ ಕೆಂಪು, ನನಗೆ ಹಸಿರು. ನನ್ನ ಹಣೆಬರಹ ನೋಡಿ! ಹಸಿರಿನವಳು ಯಾರನ್ನೂ ಕರೆಯುವ ಹಾಗಿಲ್ಲ, ಕರೆದರೂ ಯಾರೂ ಏಳುವುದಿಲ್ಲ. ದಾರಿ ಒಂದೇ. ನಾನು ಮೊದಲು ಸಿಕ್ಕಿಬೀಳಬೇಕು, ಆಗ ನನ್ನ ಮೊಬೈಲೂ ಕೆಂಪಾಗುತ್ತದೆ. ಹನ್ನೆರಡು ವರ್ಷ ಯಾರ ಕೈಗೂ ಸಿಗದವಳು ಈಗ ಸಿಗಬೇಕಾದದ್ದು ಯಾರ ಕೈಗೆ? ತಮ್ಮ ಕನ್ನಡಕವನ್ನು ತಮ್ಮ ಹಣೆಯ ಮೇಲೇ ಹುಡುಕಲಾರದ ಭಾವನ ಕೈಗೆ.

“ಭಾವ, ನಿಮ್ಮ ಕಾಲ ಹತ್ರಾನೇ ಇರ್ತೀನಿ. ಮುಟ್ಟಿ, ವನಜೂ ಅನ್ನಿ. ಇನ್ನೇನೂ ಮಾಡಬೇಡಿ” ಎಂದೆ. ಅವರ ಕಾಲಲ್ಲಿ ನೀಲಿ ಬಾರಿನ ಹವಾಯಿ ಚಪ್ಪಲಿ ಇತ್ತು. ಹೊತ್ತಿರಲಿಲ್ಲ, ಅದಕ್ಕೇ ಮೊಬೈಲು ತೋರಿಸಿದೆ. ನಾಲ್ಕು ಗಂಟೆಗೆ ಸರಿಯಾಗಿ ನಾನು ಭಾವನ ಮೂರನೆಯ ಚಪ್ಪಲಿಯಾಗಿ ಅವರ ಪಾದದ ಪಕ್ಕ ಬಿದ್ದಿದ್ದೆ. ಮೂರು ಚಪ್ಪಲಿ ಕಂಡರೆ ಎಂಥವರಿಗೂ ತಿಳಿಯುತ್ತದೆ ಎಂಬುದು ನನ್ನ ಲೆಕ್ಕ.

ಭಾವ ಮರ್ಯಾದಸ್ಥರು ಎಂಬುದನ್ನು ಮರೆತಿದ್ದೆ. ಮಂಟಪದ ಬಾಗಿಲು ಕಂಡ ಕೂಡಲೇ ಚಪ್ಪಲಿ ಬಿಟ್ಟು, ತಲೆಯೆತ್ತಿಯೇ ಒಳಗೆ ನಡೆದರು. ಒಳಗೆ ಹೋಗಿ ಸೊಂಪಾಗಿ ನಿಂತ ಬಾಳೆಕಂಬಕ್ಕೆ ‘ವನಜೂ’, ಪನ್ನೀರುದಾನಿಗೆ ‘ವನಜೂ’ ಎನ್ನುತ್ತ ಬಿಕ್ಕಳಿಸುತ್ತಿದ್ದುದು ನನಗೆ ಹೊರಗೆ ಕೇಳಿಸುತ್ತಿತ್ತು. ನನ್ನ ಮೇಲೆ ಮದುವೆಯ ಅತಿಥಿಗಳು ಒಬ್ಬೊಬ್ಬರಾಗಿ ಕಾಲಿಟ್ಟು ಹೋದರು. ಒಬ್ಬರು ನನ್ನನ್ನು ಹಾಕಿಕೊಂಡು ನೋಡಿ, ದೊಡ್ಡದಾಯಿತು ಎಂದು ಬಿಟ್ಟರು. ಹೊರಗೆ ಹೋಗುವ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಸ್ಟೀಲ್ ಡಬ್ಬ. ಒಂದು ಹೋಯಿತು, ಎರಡು ಹೋಯಿತು, ನಾನು ಚಪ್ಪಲಿಯಾಗಿ ಬಿದ್ದು ಎಣಿಸುತ್ತಿದ್ದೆ. ಅಳಬೇಕೆನಿಸಿತು, ಚಪ್ಪಲಿಗೆ ಅಳು ಎಲ್ಲಿಂದ ಬರಬೇಕು.

ಇಪ್ಪತ್ತೈದು ನಿಮಿಷವಾದ ಮೇಲೆ ಭಾವ ನೀರು ಕುಡಿಯಲು ಹೊರಗೆ ಬಂದರು. ಬಲಗಾಲು ಹಾಕಿದರು, ಎಡಗಾಲು ಹಾಕಿದರು, ಇನ್ನೊಂದು ಎಡಗಾಲಿನ ಚಪ್ಪಲಿ ಉಳಿದದ್ದನ್ನು ಬಹಳ ಹೊತ್ತು ನೋಡಿದರು. “ಮನೆಯಿಂದ ಎರಡೇ ತಾನೆ ಹಾಕ್ಕೊಂಡ್ ಬಂದಿದ್ದು?” ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರು ಅದನ್ನು ಮುಟ್ಟಿ, ಯಾರದೋ ಹೆಸರು ಹೇಳಿ ಬಿಕ್ಕಳಿಸಿದರು. ಕೊನೆಗೆ ಭಾವ ಬಗ್ಗಿ ಮುಟ್ಟಿ, “ವನಜೂ, ಹಿಕ್, ನೀನೇನಮ್ಮಾ?” ಎಂದರು.

ಎದ್ದು ನಿಂತೆ. ಸೀರೆಯ ಮೇಲೆಲ್ಲ ಹೆಜ್ಜೆಯ ಗುರುತು. ಚಪ್ಪಲಿ ಬಿಡುವ ಜಾಗದಲ್ಲಿದ್ದವರೆಲ್ಲ ವನಜಾಕ್ಷಿ ಸಿಕ್ಕಿಬಿದ್ದಳು ಎಂದು ಹೋ ಎಂದು ಚಪ್ಪಾಳೆ ತಟ್ಟಿದರು. ನನ್ನ ಮೊಬೈಲು ಕೆಂಪಾಗಿತ್ತು. ನಾನು ಒಳಗೆ ಓಡಿದೆ.

ಮೇಜಿನ ಮೇಲೆ ಹನ್ನೆರಡು ಡಬ್ಬ ಉಳಿದಿದ್ದವು. ಹೊರಗೆ ಹೋದವು ಬಿಟ್ಟರೆ ಮಿಕ್ಕವು ಊಟದ ಹಾಲಿನಲ್ಲಿ ಅವರಿವರ ಮಡಿಲಲ್ಲಿ. ಒಳಗೆ ಲಾಡು ಚಕ್ಕುಲಿ ತುಂಬಿದ್ದರಿಂದ ಯಾವುದು ವಾಲುತ್ತದೆ, ಯಾವುದು ನೆಟ್ಟಗಿದೆ ಎಂದು ಕಾಣುವುದೇ ಇಲ್ಲ. ಮೂವತ್ತು ವರ್ಷದ ಜಾಣತನವೆಲ್ಲ ಗಾಳಿಗೆ ಹೋಯಿತು. ಹುಚ್ಚಿಯ ಹಾಗೆ ಒಂದು ಮುಟ್ಟಿ, ಯಾರಿಗೂ ಕೇಳಿಸದಂತೆ ಬಾಯಲ್ಲೇ ಅಕ್ಕ ಎಂದು ಗೊಣಗಿದೆ. ಬಿಕ್ಕಳಿಕೆ. ಇನ್ನೊಂದು ಮುಟ್ಟಿದೆ. ಬಿಕ್ಕಳಿಕೆ. ಎಂಟು ಬಿಕ್ಕಳಿಕೆಯಾದ ಮೇಲೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಇನ್ನು ಎರಡೇ ಉಳಿದಿದ್ದವು, ಎರಡನೆಯದು ತಪ್ಪಿದರೆ ಆಟ ಮುಗಿಯಿತು. ಗೋಡೆಯ ಗಡಿಯಾರ ಐದಕ್ಕೆ ಹನ್ನೆರಡು ನಿಮಿಷ ತೋರಿಸುತ್ತಿತ್ತು, ಅದು ನಿಜವಾದ ಗಡಿಯಾರವಾಗಿದ್ದರೆ.

ಆಗ ಡಬ್ಬವೊಂದರ ಮೇಲೆ ನನ್ನದೇ ಅಕ್ಷರ ಕಣ್ಣಿಗೆ ಬಿತ್ತು. ‘ಮೃಣಾಲಿನಿ – ಕೇದಾರ, ವಿವಾಹದ ಸವಿನೆನಪಿಗೆ’. ಒಂದೊಂದು ಅಕ್ಷರವೂ ಎಣ್ಣೆ ಹಚ್ಚಿ ಬಾಚಿದ ಹಾಗೆ. ಮೇಜಿನ ಮೇಲಿದ್ದ ಎಲ್ಲವೂ ಹಾಗೇ ಇದ್ದವು. ಅದನ್ನು ನೋಡುತ್ತಿದ್ದಂತೆ ಶುಕ್ರವಾರದ ಬೆಳಗು ನೆನಪಾಯಿತು. ಒಂದು ಡಬ್ಬಕ್ಕೆ ಮೆಷೀನು ಇಟ್ಟ ಕೂಡಲೇ ಅದು ಕೈಯಲ್ಲಿ ಗಡಗಡ ನಡುಗಿ, ಮೊದಲ ಅಕ್ಷರದ ಬಾಲ ಡೊಂಕಾಗಿ ಎಲ್ಲಿಗೋ ಹೋಗಿತ್ತು. ಕರೆಂಟಿನ ದೋಷ ಎಂದು ಶೆಟ್ಟರನ್ನು ಬೈದಿದ್ದೆ. ಕರೆಂಟಲ್ಲ, ಕಚಗುಳಿ! ಅಕ್ಕನಿಗೆ ಎಲ್ಲಿ ಮುಟ್ಟಿದರೂ ಆಗುವುದಿಲ್ಲ. ಚಿಕ್ಕಂದಿನಲ್ಲಿ ಹಾಸಿಗೆಯ ಸುತ್ತಿನೊಳಗೆ ಅಡಗಿದ್ದಾಗ ನಾನು ಹೊರಗಿನಿಂದ ಬೆರಳು ತಿವಿದರೆ ಇಡೀ ಹಾಸಿಗೆಯೇ ಕುಲುಕಾಡಿ ನಗುತ್ತಿತ್ತು.

ಮುಟ್ಟುವುದು ಬಿಟ್ಟು ಓದುತ್ತ ನಡೆದೆ. ಮೇಜಿನ ಮೇಲೆ ಇಲ್ಲ. ಊಟದ ಹಾಲಿನಲ್ಲಿ ಕೂತವರ ಮಡಿಲಿಗೆ ಬಗ್ಗಿ ಬಗ್ಗಿ ಓದಿದೆ. ಗಂಡಸರು ಕಾಲು ಮಡಚಿಕೊಂಡರು, ಒಬ್ಬಾಕೆ ಲಾಡು ಬೇಕಾದರೆ ಕೇಳಿ ತೊಗೊಳ್ಳಿ ಎಂದಳು. ಕೊನೆಯ ಸಾಲಿನಲ್ಲಿ ಸಾವಿತ್ರಮ್ಮ, ಬೆಂಚಾದ ಮೇಷ್ಟ್ರ ಹೆಂಡತಿ, ಬಟ್ಟೆ ಚೀಲದಲ್ಲಿ ಡಬ್ಬ ಇಟ್ಟುಕೊಂಡು ಏಳುವುದರಲ್ಲಿದ್ದರು. ಚೀಲದ ಬಾಯಿಯಿಂದ ಒಂದು ಡೊಂಕು ಬಾಲ ಇಣುಕಿತ್ತು.

“ಸಾವಿತ್ರಮ್ಮ, ಸ್ವಲ್ಪ ಕೂತ್ಕೊಳ್ಳಿ. ಅದು ನಮ್ಮ... ಹಿಕ್... ಅಂಬುಜಾಕ್ಷಿ.”

ಸಾವಿತ್ರಮ್ಮ ಮತ್ತೆ ಕೂತರು. ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದು ನನ್ನ ಮುಂದೆ ಹಿಡಿದರು. ಸೈರನ್ನಿಗೆ ನಾಲ್ಕು ನಿಮಿಷ. ನಾನು ಡಬ್ಬ ಮುಟ್ಟಿದೆ. ಸುತ್ತ ನೂರು ಜನ ನೋಡುತ್ತಿದ್ದರು, ಹನ್ನೊಂದು ವರ್ಷ ನಾನು ಕಾಪಾಡಿಕೊಂಡು ಬಂದ ಬಿಗುಮಾನ ಇನ್ನೂ ಬಿಟ್ಟಿರಲಿಲ್ಲ. ಹೆಸರು ಹಿಡಿದು ಕರೆದರೂ ನಡೆಯಬಹುದೇನೋ ಎಂದು ಒಂದು ದುರಾಸೆ. “ಅಂಬುಜಾಕ್ಷೀ” ಎಂದೆ.

ಡಬ್ಬ ಡಬ್ಬವಾಗಿಯೇ ಇತ್ತು. ನನಗೆ ಒಂಬತ್ತನೆಯ ಬಿಕ್ಕಳಿಕೆ ಬಂತು.

“ವನಜಾ,” ಸಾವಿತ್ರಮ್ಮ ಮೆಲ್ಲಗೆ ಹೇಳಿದರು, “ನಮ್ಮೋರನ್ನ ನಾನೂ ಅವತ್ತು ಮುಟ್ಟಿದ್ದೆ. ಏನೂಂದ್ರೆ ಅಂತ ಕರೀಬೇಕಿತ್ತು. ಜನ ಇದಾರೆ ಅಂತ ನಾಚ್ಕೊಂಡು ಮೇಷ್ಟ್ರೇ ಅಂದುಬಿಟ್ಟೆ, ಅದೇ ನನ್ನ ಹತ್ತನೇದು. ನೀನು ಹಾಗೆ ಮಾಡಬೇಡ.”

ನಾನು ಡಬ್ಬವನ್ನು ಎದೆಗೆ ಅವುಚಿಕೊಂಡೆ. ತಪ್ಪಲೆಯ ಮೇಲೆ ನಾನು ಬರೆದದ್ದು ತಪ್ಪು, ಅದು ಅವತ್ತೇ ನನಗೆ ಗೊತ್ತಿತ್ತು, ಅವಳು ಇಲ್ಲದ ಊರಿನಲ್ಲಿ ಆ ತಪ್ಪಲೆ ಇಟ್ಟುಕೊಂಡು ನಾನೇನು ಮಾಡಲಿ? “ಅಕ್ಕಾ” ಎಂದೆ. ಜೋರಾಗಿಯೇ ಅಂದಿರಬೇಕು, ಪಕ್ಕದ ಎರಡು ಕುರ್ಚಿಗಳು ಬೆಚ್ಚಿದವು.

ನನ್ನ ತೋಳಿನೊಳಗೆ ಡಬ್ಬ ಭಾರವಾಯಿತು, ಬೆಚ್ಚಗಾಯಿತು, ಎಡಕ್ಕೆ ವಾಲಿತು. ಅಕ್ಕ ನಿಂತಿದ್ದಳು. ಕೂದಲಲ್ಲಿ ಚಕ್ಕುಲಿ ಪುಡಿ, ಸೆರಗಿನಿಂದ ಒಂದು ಲಾಡು ಉರುಳಿ ಕೆಳಗೆ ಬಿತ್ತು. ಬಲಗೈ ಮೊಣಕೈಯಿಂದ ಮುಂಗೈವರೆಗೆ ನನ್ನ ಅಕ್ಷರದಲ್ಲಿ ಮೃಣಾಲಿನಿ, ಕೇದಾರ, ವಿವಾಹದ ಸವಿನೆನಪಿಗೆ. ಅಕ್ಕ ಅದನ್ನು ದೂರ ಹಿಡಿದು ಓದಿದಳು.

“ಅಕ್ಷರ ಡೊಂಕಾಗಿದೆ” ಎಂದಳು. ಹನ್ನೊಂದು ವರ್ಷದ ಮೇಲಿನ ಮೊದಲ ಮಾತು.

“ನೀನು ಅಲುಗಾಡಿದ್ದಕ್ಕೆ.”

“ಮೈಗೆ ಮೆಷೀನು ಇಟ್ರೆ ಇನ್ನೇನೇ ಮಾಡ್ಲಿ? ವಾರ ಪೂರ್ತಿ ಉಗ್ರಾಣದಲ್ಲಿ ಲಾಡು ವಾಸನೆ ಕುಡಿದಿದ್ದೀನಿ. ಮೊದಲು ಎಲೆ ಹಾಕ್ಸು.”

ಭಾವ ಬಂದವರೇ “ಇಲ್ ನೋಡೇ, ಇಲ್ ನೋಡೇ” ಎಂದು ಮಕ್ಕಳ ಹಾಗೆ ಅತ್ತರು. ಸೈರನ್ ಕೂಗಿತು, ಮಂಟಪದ ಅರ್ಧ ಕುರ್ಚಿಗಳು ಎದ್ದು ಸೊಂಟ ಹಿಡಿದುಕೊಂಡವು. ಸಾವಿತ್ರಮ್ಮ ಖಾಲಿ ಚೀಲ ಮಡಚಿ, ಫ್ಲಾಸ್ಕು ಹಿಡಿದು ಪಾರ್ಕಿನ ಕಡೆ ಹೋದರು. ಮೇಜಿನ ಮೇಲಿಂದ ಒಂದು ಡಬ್ಬ ಎತ್ತಿಕೊಂಡು ಓಡಿಹೋಗಿ ಅವರ ಕೈಗೆ ಕೊಟ್ಟು ಬಂದೆ.

ಊಟವಾದ ಮೇಲೆ ಅಕ್ಕನನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆ. ಅವಳು ಅಡುಗೆಮನೆಯ ಮಣೆಯ ಮೇಲೆ ಕಾಲು ಚಾಚಿ ಕೂತು ಕೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಅಕ್ಷರ ಆಗಲೇ ಮಸುಕಾಗಿತ್ತು, ಮನುಷ್ಯರ ಮೈಮೇಲೆ ನಮ್ಮ ಕೆಲಸ ನಿಲ್ಲುವುದಿಲ್ಲ. ನಾನು ಅಟ್ಟದಿಂದ ಅಮ್ಮನ ತಪ್ಪಲೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಮೆಷೀನಿಗೆ ವೈರು ಸಿಕ್ಕಿಸಿದೆ. ಅಕ್ಕ ನೋಡಿಯೂ ನೋಡದವಳ ಹಾಗೆ ಇದ್ದಳು. ಅದು ನಮ್ಮ ಮನೆತನದ ಬುದ್ಧಿ.

“ಒಂದು ಕೇಳ್ತೀನಿ” ಎಂದೆ. “ಊರು ತುಂಬ ಜಾಗ ಇತ್ತು. ಹನ್ನೊಂದು ವರ್ಷ ನನ್ನ ಮೂಗಿನ ಕೆಳಗೇ ಅಡಗಿ ಹೊಟ್ಟೆ ಉರಿಸಿದ್ಯಲ್ಲ, ಯಾಕೆ?”

“ಬೇರೆ ಕಡೆ ಅಡಗಿದ್ರೆ ಬೇರೆ ಯಾರಾದ್ರೂ ಹಿಡೀತಿದ್ರು.”

“ಹಿಡಿದ್ರೆ ಏನಾಗ್ತಿತ್ತು?”

“ಅವರು ಅಂಬುಜಮ್ಮಾ ಅಂತ ಕರೀತಿದ್ರು” ಎಂದು ಅಕ್ಕ ಎಣ್ಣೆ ಬಟ್ಟಲು ಪಕ್ಕಕ್ಕೆ ಸರಿಸಿದಳು.

ನಾನು ತಪ್ಪಲೆಯನ್ನು ಮಡಿಲಲ್ಲಿ ಇಟ್ಟುಕೊಂಡೆ. ನನ್ನ ಹೆಸರಿನ ಮೇಲೆ ಜಾಗ ಇತ್ತು. ಅಂಬುಜಾಕ್ಷಿ ಎಂದು ಪೂರ್ತಿ ಹೆಸರು ಹಾಕಬೇಕೆಂದಿದ್ದೆ, ಹಾಕಲಿಲ್ಲ. ‘ಅಕ್ಕ’ ಎಂದು ಹಾಕಿದೆ. ಎರಡೇ ಅಕ್ಷರ, ಎರಡೂ ಡೊಂಕಾದವು. ಅಕ್ಕ ಬಗ್ಗಿ ನೋಡಿ, ಇದಕ್ಕೂ ಕಚಗುಳಿಯಾ ಎಂದು ಕೇಳಿದಳು. ಕರೆಂಟಿನ ದೋಷ ಎಂದೆ.